ನ್ಯಾಯದೆಲೆಗೆ ಧೂಪ

ಬಸವಯ್ಯನವರು ಮೂರನೆಯ ಸಲ ಬಾಯಿ ಮುಕ್ಕಳಿಸಿ ಅರಳಿಕಟ್ಟೆಯ ಮಗ್ಗುಲಿಗೆ ಉಗುಳಿದರು. ಆಮೇಲೆ ಹೆಗಲ ವಸ್ತ್ರದ ತುದಿಯಿಂದ ಮೀಸೆ ಒರೆಸಿಕೊಂಡರು, ವಸ್ತ್ರ ಕೊಡವಿದರು, ಹೆಗಲಿಗೆ ಹಾಕಿಕೊಂಡರು, ಅದು ಸರಿಯಾಗಿ ಕೂತಿಲ್ಲವೆಂದು ತೆಗೆದು ಇನ್ನೊಮ್ಮೆ ಹಾಕಿಕೊಂಡರು. ಕಟ್ಟೆಯ ಮೇಲಿದ್ದ ಗಂಡಸರೆಲ್ಲ ಇದನ್ನು ಪೂಜೆ ನೋಡುವಂತೆ ನೋಡುತ್ತಿದ್ದರು. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಮಾಯಮ್ಮ ಮಾತ್ರ ಬಿಸಿಲನ್ನು ನೋಡುತ್ತಿದ್ದಳು. ಬಿಸಿಲು ಆಗಲೇ ಕಟ್ಟೆಯ ಮೆಟ್ಟಿಲು ಹತ್ತಿತ್ತು. ಮನೆಯಲ್ಲಿ ಅವಳ ರೇಷ್ಮೆಹುಳುಗಳು ಬೆಳಗಿನ ಸೊಪ್ಪು ಮುಗಿಸಿ ಬರಿಯ ದಂಟಿನ ಮೇಲೆ ಹರಿದಾಡುತ್ತಿರಬೇಕು.

"ಕೆಂಡ ಎಲ್ರಲಾ? ಸಾಂಬ್ರಾಣಿ ಎಲ್ಲಿ?" ಬಸವಯ್ಯನವರು ಯಾರನ್ನೂ ನೋಡದೆ ಕೇಳಿದರು. "ನೆನ್ನೆ ಧೂಪ ಕಮ್ಮಿ ಆಯ್ತು. ಅದ್ಕೇ ಎಲೆ ಸರ್ಯಾಗಿ ಬೀಳ್ನಿಲ್ಲ."

ಆಟದ ಎಲೆ ಸರಿಯಾಗಿ ಬೀಳದಿದ್ದುದಕ್ಕೆ ಕಾರಣ ಧೂಪವಲ್ಲ, ಆಡುವವರ ಠೀವಿ ಎಂಬುದನ್ನು ಆ ಕಟ್ಟೆಯಲ್ಲಿ ಹೇಳುವವರಿರಲಿಲ್ಲ. ನಿನ್ನೆ ಇಡೀ ದಿನ ಆಡುವವರಿಬ್ಬರೂ ಸೇರಿ ಕೈಯಲ್ಲಿದ್ದುದರ ಕಾಲುಭಾಗವನ್ನೂ ಕೆಳಗಿಟ್ಟಿರಲಿಲ್ಲ. ಒಂದು ಎಲೆ ತೆಗೆಯುವುದು, ಎದೆಗೆ ಒತ್ತಿಕೊಳ್ಳುವುದು, ಆಕಾಶ ನೋಡುವುದು, ನಿಟ್ಟುಸಿರು ಬಿಟ್ಟು ಅದನ್ನೇ ಮತ್ತೆ ಒಳಗೆ ಸೇರಿಸಿಕೊಳ್ಳುವುದು. ಬೇಗ ಆಡಿದವನು ಕೂಲಿಯವನಂತೆ ಕಾಣುತ್ತಾನೆ ಎಂಬುದೊಂದು ನಂಬಿಕೆ. ಹಾಗಾಗಿ ಹೊಲಕ್ಕೆ ಹೋಗಬೇಕಾದ ಹದಿನೈದಿಪ್ಪತ್ತು ಗಂಡಸರು ಕಟ್ಟೆಯ ಮೇಲೆ ಕೂತು, ಇನ್ನಿಬ್ಬರು ಗಂಡಸರು ಆಕಾಶ ನೋಡುವುದನ್ನು ನೋಡುತ್ತಿದ್ದರು.

ಅಕ್ಕೂರು ದಾಟಿ ಕಾಲುವೆ ಹಿಡಿದು ಹೋದರೆ ಸಿಗುವ ಹುಣಸೇಕೊಪ್ಪಲಿನಲ್ಲಿ ಅಣ್ಣತಮ್ಮಂದಿರ ಜಗಳ ಅಮಲ್ದಾರರ ಕಚೇರಿಗೆ ಹೋಗುತ್ತಿರಲಿಲ್ಲ. ಎಲೆಗೆ ಹೋಗುತ್ತಿತ್ತು. ಚನ್ನಪಟ್ಟಣದ ಅರಗಿನ ಕೆಲಸದವರು ಆಲೆಮರವನ್ನು ಅಂಗೈಯಗಲ ದುಂಡಗೆ, ರೊಟ್ಟಿಗಿಂತ ತೆಳ್ಳಗೆ ಕಡೆದು, ಅರಗಿನ ಬಣ್ಣ ಹಿಡಿಸಿ, ಒಂದು ಮಗ್ಗುಲಿಗೆ ಚಿತ್ರ ಬರೆದು ಕೊಡುತ್ತಿದ್ದರು. ಆನೆ, ಕುದುರೆ, ಕತ್ತಿ, ಕೊಡೆ ಎಂದು ನಾಲ್ಕು ಪಂಗಡ. ಒಂದೊಂದಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಕೆಳಗೆ ಬರಿಯ ಸಂಖ್ಯೆಯವರು. ಎಲ್ಲಕ್ಕೂ ದೊಡ್ಡವನು ಆನೆರಾಜ. ಇಬ್ಬರೂ ಒಂದೊಂದು ಎಲೆ ಕವುಚಿ ಹಾಕಬೇಕು, ಕಟ್ಟೆಯ ಯಜಮಾನ ಬಸವಯ್ಯನವರು ಮಗುಚಬೇಕು, ದೊಡ್ಡ ಎಲೆಯವನು ಎರಡನ್ನೂ ಎತ್ತಿಕೊಳ್ಳಬೇಕು. ಕೈ ಬರಿದಾದವನು ಸೋತ. ನೆಲ, ಬಾವಿ, ಮನೆ, ಏನಿದ್ದರೂ ಹೋಯಿತು. ಇದಕ್ಕೆ ನ್ಯಾಯದೆಲೆ ಎಂದು ಹೆಸರು. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಕೇಳಿದರೆ ಬಸವಯ್ಯನವರು, "ಬೀಳೋ ಎಲೇಲಿ ಐತೆ" ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸುತ್ತಿದ್ದರು.

ಇನ್ನೊಂದು ಕಟ್ಟಳೆಯೂ ಇತ್ತು. ಎಲೆ ಕೂತ ಮೇಲೆ, ಆಟ ಮುಗಿದು ಎಲೆ ಏಳುವವರೆಗೆ, ಎರಡು ಕಡೆಯವರೂ ಜಗಳದ ನೆಲಕ್ಕೆ ಕಾಲಿಡುವಂತಿಲ್ಲ. ಯಾರ ಮನೆಯವರು ಕಾಲಿಟ್ಟರೋ ಅವರು ಸೋತ ಹಾಗೆ.

ಈಗ ಜಗಳದಲ್ಲಿದ್ದುದು ಕಾಲುವೆ ಪಕ್ಕದ ಹಿಪ್ಪುನೇರಳೆ ತೋಟ. ಅದನ್ನು ಮಾಯಮ್ಮ ಮತ್ತು ಅವಳ ಗಂಡ ಕಡ್ಡಿ ನೆಟ್ಟು ಎಬ್ಬಿಸಿದ್ದರು. ಗಂಡ ತೀರಿಕೊಂಡ. ವರ್ಷ ತುಂಬುವವರೆಗೆ ಸುಮ್ಮನಿದ್ದ ಭಾವ ತಿಮ್ಮಯ್ಯ, ತಿಥಿಯ ಊಟ ಉಂಡು ಕೈತೊಳೆಯುವಾಗ, ಆ ತೋಟ ಪಾಲಾಗಿಯೇ ಇಲ್ಲ, ತಮ್ಮ ಹೋದ ಮೇಲೆ ಅದು ತನಗೇ ಸೇರಬೇಕು ಎಂದ. ಕೈ ಒದ್ದೆಯಿದ್ದಾಗಲೇ ಹೇಳಿದ. ಮಾಯಮ್ಮನ ಅಣ್ಣ ಚೆಲುವಯ್ಯ ಅಲ್ಲೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ತಂಗಿಯನ್ನು ಒಂದು ಮಾತೂ ಕೇಳದೆ, "ಹಂಗಾದ್ರೆ ಎಲೆ ಕೂರ್ಲಿ!" ಎಂದು ತೊಡೆ ತಟ್ಟಿದ. ಅವನಿಗೆ ಸದ್ಯ ಬೇರೆ ಕೆಲಸವಿರಲಿಲ್ಲ. ಯಾವತ್ತೂ ಇರಲಿಲ್ಲ. ಹೆಂಗಸರು ನ್ಯಾಯದೆಲೆಯನ್ನು ಮುಟ್ಟುವಂತಿಲ್ಲವಾದ್ದರಿಂದ ತಂಗಿಯ ಪರವಾಗಿ ಅವನೇ ಆಡಬೇಕಾಯಿತು.

ಕೆಂಡದ ಧೂಪಾರತಿ ಬಂತು. ಮಾಯಮ್ಮ ಜಗಲಿಯ ತುದಿಗೆ ಸರಿದು, "ಅಣ್ಣಯ್ಯಾ, ಒಸಿ ಬಾ ಇಲ್ಲಿ" ಎಂದಳು.

ಚೆಲುವಯ್ಯ ಎರಡು ಸಲ ಕೇಳಿಸದವನಂತೆ ಕೂತಿದ್ದು, ಮೂರನೆಯ ಸಲಕ್ಕೆ ಎದ್ದು ಬಂದ. ಯಾರದೋ ಮದುವೆಯಲ್ಲಿ ಕೊಟ್ಟ ಜರಿಯಂಚಿನ ರುಮಾಲು ಸುತ್ತಿದ್ದ.

"ಏನವ್ವ? ಆಟದ್ ಮಧ್ಯ ಕರೀಬಾರ್ದು ಅಂತ ಗೊತ್ತಿಲ್ವಾ?"

"ಎಲೆಗೆ ಬಿಸಿ ತೋರಿಸ್ಬ್ಯಾಡಿ ಅಂತ ಹಫೀಜಾ ಹೇಳಿದ್ಲಲ್ಲ. ನೀನೂ ಇದ್ದೆ. ಯಜಮಾನ್ರಿಗೆ ಒಂದು ಮಾತು ಹೇಳು."

"ಅರಗಿನ ಹೆಂಗ್ಸು ಹೇಳುದ್ಲು ಅಂತ ಬಸವಯ್ಯನೋರ್ಗೆ ನಾನು ಹೋಗಿ ಹೇಳ್ಲಾ? ಮೂರು ತಲೆಮಾರಿಂದ ಧೂಪ ತೋರಿಸ್ಕೊಂಡು ಬಂದವ್ರೆ. ನಗಾಡ್ತಾರೆ ಕಣವ್ವ."

"ಆ ಎಲೆಯೆಲ್ಲ ಹಳೇವು. ಮಳೆಗಾಲದಲ್ಲಿ ಮಾಡಿಟ್ಟು, ಬೇಸ್ಗೇಲಿ ಕೊಡೋರು. ಇದು ಹಸೀದು. ನೀನೇ ತಾನೆ ಅವಸರ ಮಾಡಿ ಈಸ್ಕೊಂಡಿದ್ದು?"

"ಆಟ ನಂದು. ನೀನು ಸುಮ್ಕೆ ಕೂತ್ಕೊ."

"ಆಟ ನಿಂದು ಸರಿ, ತ್ವಾಟ ನಂದು. ಇವತ್ತು ಮುಗಿತದಾ? ನಾಲ್ಕನೇ ಜ್ವರ ಎದ್ದು, ಪೊರೆ ಬುಟ್ಟು ಹಸ್ದಿರೋ ಹುಳ ಕಣಣ್ಣ. ಗಳಿಗೆಗೊಂದು ಮಂಕ್ರಿ ಸೊಪ್ಪು ಕೇಳ್ತವೆ. ಒಂದೊತ್ತಿನ ಆಟ ಅಂದಿದ್ದೆ."

"ತಿಮ್ಮಯ್ಯ ಬಾಳಾ ನಿಧಾನಸ್ತ" ಎಂದ ಚೆಲುವಯ್ಯ, ಹೊಗಳುವ ದನಿಯಲ್ಲಿ. "ಆಟ ಬಲ್ಲೋನು. ನಾನು ಅವನ್ಗಿಂತ ನಿಧಾನ ಮಾಡ್ಬೇಕು."

ಹಿಂದಿನ ವಾರ ಚನ್ನಪಟ್ಟಣಕ್ಕೆ ಎಲೆ ತರಲು ಹೋದಾಗ ಇಬ್ಬರೂ ಜೊತೆಗಿದ್ದರು. ಹಫೀಜಾಳ ಮನೆಯಲ್ಲಿ ಎರಡು ಕಸುಬು. ಹಿತ್ತಲಲ್ಲಿ ಗಂಡ ಶುಕೂರ್ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದ. ಮುಂದಿನ ಪಡಸಾಲೆಯಲ್ಲಿ ಅವಳು ಮರ ಕಡೆದು ಅರಗು ಹಿಡಿಸುತ್ತಿದ್ದಳು. ಮಾಯಮ್ಮನ ಗೂಡು ಪ್ರತಿಸಲವೂ ಆ ಹಿತ್ತಲಿಗೇ ಹೋಗುತ್ತಿತ್ತು. ಅಂದು ಹಫೀಜಾ ತಿರುಗುವ ಬಿಲ್ಲೆಗೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ನಯ ಮಾಡುತ್ತಾ ತಲೆಯೆತ್ತದೆ ಹೇಳಿದ್ದಳು: "ನೋಡಮ್ಮಾ, ಇದು ಇನ್ನೂ ಹದಕ್ಕೆ ಬಂದಿಲ್ಲ. ಒಂದು ತಿಂಗ್ಳು ನೆಳ್ಳಲ್ಲಿ ಇಟ್ಟು ಕೊಡ್ತೀನಿ. ಈಗ್ಲೇ ಬೇಕಂದ್ರೆ ತಗೊಂಡೋಗಿ, ಆದ್ರೆ ಬಿಸ್ಲಿಗೆ ಇಡ್ಬೇಡಿ, ಬೆಂಕಿ ತೋರಿಸ್ಲೇಬೇಡಿ. ಅರಗು ಅಂದ್ರೆ ಏನು? ಬಿಸಿ ಕಂಡ್ರೆ ಕರಗ್ತದೆ, ಪಕ್ಕದಲ್ಲಿರೋದನ್ನ ಹಿಡ್ಕೊಂಡ್ಬಿಡ್ತದೆ." ಚೆಲುವಯ್ಯ ಎಲೆಗಳನ್ನು ಕೈಯಲ್ಲಿ ಬೀಸಣಿಗೆಯಂತೆ ಹರಡಿಕೊಂಡು, ಅಲ್ಲಿದ್ದ ಒಡೆದ ಕನ್ನಡಿಯಲ್ಲಿ ತಾನು ಹೇಗೆ ಕಾಣುತ್ತೇನೆಂದು ನೋಡಿಕೊಳ್ಳುತ್ತಿದ್ದ.

ಈಗ ಬಸವಯ್ಯನವರು ಎಲೆಗಳನ್ನೆಲ್ಲ ಇಬ್ಬರ ಕೈಯಿಂದ ಇಸಿದುಕೊಂಡು, ಎರಡು ಪಾಲಿನ ಮಧ್ಯೆ ಅರಿಸಿನದ ದಾರವಿಟ್ಟು, ಕೆಂಡದ ಮೇಲೆ ಹಿಡಿದು ನಿಂತರು. ಹೊಗೆ ಎದ್ದಿತು. ಅವರು ಕಣ್ಣು ಮುಚ್ಚಿಕೊಂಡು ಬಾಯೊಳಗೆ ಏನೋ ಹೇಳಿಕೊಂಡರು. ಬಿಸಿ ತಾಳದಾದಾಗ ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ತಮ್ಮ ಕೈ ಸುಡುವುದು ಅವರಿಗೆ ತಿಳಿಯಿತು, ಬೇರೇನೂ ತಿಳಿಯಲಿಲ್ಲ.

ಅಂದು ಸಂಜೆಯ ಹೊತ್ತಿಗೆ ಮಾಯಮ್ಮ ಒದ್ದೆ ಗೋಣಿಯ ಕೆಳಗೆ ಕಾಪಾಡಿಕೊಂಡಿದ್ದ ಸೊಪ್ಪಿನ ಕೊನೆಯ ಹಿಡಿಯನ್ನೂ ತಟ್ಟೆಗಳಿಗೆ ಹಾಕಿಬಿಟ್ಟಳು. ಅದು ನಾಲ್ಕು ತಟ್ಟೆಗಳಿಗೂ ಸಾಲಲಿಲ್ಲ. ಮಿಕ್ಕ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ನೆರೆಯ ಎರಡು ಮನೆಗಳಿಗೆ ಹೋಗಿ ಕೇಳಿದಳು. ಅವರ ತೋಟದಲ್ಲಿ ಸೊಪ್ಪಿತ್ತು. "ಎಲೆ ಕೂತೈತಲ್ಲ ತಾಯಿ, ನಾವು ಒಂದ್ ಕಡೆಗೆ ಕೊಟ್ಟಂಗಾಯ್ತದೆ" ಎಂದರು. ಎರಡನೆಯ ಮನೆಯವನು ಅದನ್ನು ಹೇಳುವಾಗ ಅದೇ ಸೊಪ್ಪನ್ನು ಮೇಕೆಗೆ ತಿನ್ನಿಸುತ್ತಿದ್ದ.

ಬಾವಿಯ ಹತ್ತಿರ ವಾರಗಿತ್ತಿ ದೊಡ್ಡಲಕ್ಷ್ಮಮ್ಮ ಸಿಕ್ಕಿದಳು. ತಿಮ್ಮಯ್ಯನ ಹೆಂಡತಿ. ಅವಳ ಮನೆಯಲ್ಲೂ ಹುಳುವಿತ್ತು, ಅದಕ್ಕೆ ತಿಮ್ಮಯ್ಯನ ಸ್ವಂತ ತೋಟದ ಸೊಪ್ಪು ಬರುತ್ತಿತ್ತು. ಇಬ್ಬರೂ ಒಂದೊಂದು ಬಿಂದಿಗೆ ಸೇದಿದರು.

"ಹುಳ ಹೆಂಗವೆ?" ದೊಡ್ಡಲಕ್ಷ್ಮಮ್ಮ ಬಿಂದಿಗೆಯನ್ನೇ ನೋಡುತ್ತಾ ಕೇಳಿದಳು.

"ಬದುಕವೆ."

"ಒಂದು ಹೊರೆ ಕೊಡ್ಲಾ ಅಂದೆ ನಮ್ಮನೇರ್ಗೆ. ನಾಕು ದಿನ ಉಪಾಸ ಕೆಡವಿದ್ರೆ ಅವ್ಳೇ ಬಂದು ಕಾಲು ಕಟ್ತಾಳೆ ಅಂದ್ರು." ಅವಳು ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. "ಹುಳಾನ ಉಪಾಸ ಕೆಡವ್ತಾರಂತೆ. ದೊಡ್ ಗಂಡ್ಸು."

ಮರುದಿನ ಮಧ್ಯಾಹ್ನದ ಹೊತ್ತಿಗೆ ಆಟಕ್ಕೆ ಕಳೆ ಬಂತು. ಆಗಲೇ ಬೆಳಗಿನ ಧೂಪವಾಗಿ, ಅದು ಸಾಲದೆಂದು ನಡುಹೊತ್ತಿನ ಧೂಪವೂ ಆಗಿತ್ತು. ಬಿಸಿಲು ಕಟ್ಟೆಯ ಮೇಲೇ ಬಿದ್ದಿತ್ತು. ನೆಳಲಿಗೆ ಸರಿಯೋಣವೆಂದರೆ ಆಟದ ಜಾಗ ಬದಲಿಸಬಾರದೆಂಬ ಇನ್ನೊಂದು ಕಟ್ಟಳೆ. ಚೆಲುವಯ್ಯ ಬೆವರುತ್ತಾ ಒಂದು ಎಲೆ ಕವುಚಿ ಹಾಕಿದ. ತಿಮ್ಮಯ್ಯ ಆಕಾಶ ನೋಡಿ, ನಿಟ್ಟುಸಿರು ಬಿಟ್ಟು, ತನ್ನದನ್ನು ಹಾಕಿದ. ಬಸವಯ್ಯನವರು ಮಗುಚಿದರು.

"ಚೆಲುವಯ್ಯಂದು ಕೊಡೆ ಎರಡು. ತಿಮ್ಮಯ್ಯಂದು ಕತ್ತಿ ಮಂತ್ರಿ. ಎತ್ಕೊಳಪ್ಪ ತಿಮ್ಮಯ್ಯ."

ತಿಮ್ಮಯ್ಯ ಎರಡನ್ನೂ ಎತ್ತಿಕೊಂಡ. ಎತ್ತಿಕೊಂಡವನ ಮುಖ ಒಂದು ಗಳಿಗೆ ಹೇಗೋ ಆಗಿ, ತಕ್ಷಣ ಏನೂ ಆಗಿಲ್ಲದಂತಾಯಿತು. ಅವನು ಎಲೆಗಳನ್ನು ಪಂಚೆಯ ಮಡಿಲಿಗೆ ಸೇರಿಸಲು ಹೋದ. ಅಷ್ಟರಲ್ಲಿ ಚೆಲುವಯ್ಯ ತನ್ನ ಕೈಯಲ್ಲಿದ್ದುದನ್ನು ಒಂದು ಸಲ, ಎರಡು ಸಲ ಹರಡಿ ನೋಡಿಕೊಂಡು ಕೂಗಿದ.

"ನನ್ನ ಆನೆರಾಜ ಎಲ್ಲಿ?"

"ನನ್ನ ಕೇಳ್ತೀಯಲ್ಲಲಾ?"

"ಆ ಎಲೆ ತೋರ್ಸು. ಯಾಕಂಗೆ ದಪ್ಪ ಐತೆ ಅದು? ತೋರ್ಸು ಅಂದ್ರೆ!"

ನಾಲ್ಕೈದು ಜನ ಎದ್ದರು. ತಿಮ್ಮಯ್ಯನ ಮಡಿಲಿಂದ ಕೊಡೆಯ ಎರಡನ್ನು ಎಳೆದರು. ಅದರ ಬೆನ್ನಿಗೆ ಇನ್ನೊಂದು ಎಲೆ ಬಲವಾಗಿ ಅಂಟಿಕೊಂಡಿತ್ತು. ಬಸವಯ್ಯನವರು ಉಗುರು ತೂರಿಸಿ ಎಬ್ಬಿಸಿದರು. ಚಟ್ ಎಂದು ಬಿಟ್ಟುಕೊಂಡಿತು. ಒಳಗಿನ ಎಲೆಯಲ್ಲಿ ಅಂಬಾರಿಯ ಮೇಲೆ ಆನೆರಾಜ ಕೂತಿದ್ದ. ಅವನ ಅರ್ಧ ಮುಖದ ಬಣ್ಣ ಕಿತ್ತು ಕೊಡೆಯ ಬೆನ್ನಿಗೆ ಹೋಗಿತ್ತು.

"ನಾನು ಹಾಕಿದ್ದು ಆನೆರಾಜ!" ಎಂದ ಚೆಲುವಯ್ಯ. "ಎಲ್ರಿಗಿಂತ ದೊಡ್ಡೋನು. ಈ ಕೈ ನಂದು."

"ನೀನು ಹಾಕಿದ್ದು ಕೊಡೆ ಎರಡು. ಯಜಮಾನ್ರೇ ಬಾಯ್ಬುಟ್ಟು ಹೇಳವ್ರೆ. ರಾಜ ಅದ್ರ ಹಿಂದೆ ಅಂಟ್ಕೊಂಡು ಬಂದವ್ನೆ. ಗೆದ್ದೋನ್ಗೆ ಬಂದಿದ್ದು ಗೆದ್ದೋನ್ದು."

"ಲೇ, ರಾಜ ಎರಡರ ಹಿಂದೆ ಅಂಟ್ಕೊಂಡು ಬತ್ತಾನೇನ್ಲಾ? ಎಲ್ಲಾರ ಕೇಳಿದ್ಯಾ?"

"ನಿನ್ನ ಕೈಗೆ ಸಿಕ್ಕಿದ್ರೆ ಬತ್ತಾನೆ ಕಣ್ಲಾ, ಇನ್ನೇನ್ ಮಾಡಾನು!"

ಕಟ್ಟೆಯ ಮೇಲೆ ನಗು, ಬೈಗುಳ ಎರಡೂ ಎದ್ದವು. ಯಾರೋ ತಿಮ್ಮಯ್ಯನ ಮಡಿಲಿನ ಮಿಕ್ಕ ಎಲೆಗಳನ್ನು ಎತ್ತಿ ನೋಡಿದರು. ಅವೂ ಒಂದಕ್ಕೊಂದು ಹಿಡಿದುಕೊಂಡು, ಗೋಡೆಯಿಂದ ಕಿತ್ತ ಬೆರಣಿಯಂತೆ ಒಟ್ಟಿಗೇ ಎದ್ದು ಬಂದವು. ಇದೇಕೆ ಹೀಗಾಯಿತೆಂದು ಎಲ್ಲರೂ ಕೇಳಿದರು. ಒಬ್ಬ, ಎದುರು ಜಗಲಿಯಲ್ಲಿ ಹೆಂಗಸು ಕೂತು ನೋಡಿದ್ದಕ್ಕೆ ಎಂದ. ಇನ್ನೊಬ್ಬ, ದೂರದಲ್ಲೆಲ್ಲೋ ಜರ್ಮನಿಯವರ ಯುದ್ಧ ನಡೆದಿರುವುದರಿಂದ ಬಣ್ಣವೇ ಕೆಟ್ಟು ಬರುತ್ತಿದೆ ಎಂದ. ಧೂಪಾರತಿ ಬಸವಯ್ಯನವರ ಮೊಣಕಾಲ ಪಕ್ಕದಲ್ಲೇ ಇನ್ನೂ ಹೊಗೆಯಾಡುತ್ತಿತ್ತು.

ಬಸವಯ್ಯನವರು ಕೈಯೆತ್ತಿದರು. ಎಲ್ಲರೂ ಸುಮ್ಮನಾದರು. ಅವರು ಬಾಯಿ ಮುಕ್ಕಳಿಸಿ ಉಗುಳಿದರು, ವಸ್ತ್ರ ಸರಿಮಾಡಿಕೊಂಡರು.

"ಈ ಎಲೆ ತೀರ್ಪು ಕೊಡಾಕೆ ಒಪ್ತಾ ಇಲ್ಲ" ಎಂದರು. "ನಾವು ಯಾರು ಬಲವಂತ ಮಾಡಾಕೆ? ಈಗ ಒಂದು ತಕರಾರು ಹೋಗಿ ಎರಡಾಗವೆ. ತ್ವಾಟ ಯಾರ್ದು ಅನ್ನೋದೊಂದು, ಆನೆರಾಜ ಯಾರೋನು ಅನ್ನೋದೊಂದು. ಮೊದ್ಲು ಆನೆರಾಜಂದು ತೀರ್ಬೇಕು. ಹೊಸ ಎಲೆ ಮಾಡ್ಸಿ ಅದಕ್ಕೊಂದು ಆಟ ಆಡ್ರಿ. ಅದು ತೀರಿದ್ ಮ್ಯಾಲೆ ತ್ವಾಟಕ್ಕೆ ಇನ್ನೊಂದು ಹೊಸ ಎಲೆ. ಅಲ್ಲಿಗಂಟ ಎಲೆ ಕೂತಂಗೇ ಲೆಕ್ಕ. ಯಾರೂ ತ್ವಾಟಕ್ಕೆ ಕಾಲಿಡಂಗಿಲ್ಲ."

"ಸರ್ಯಾಗಿ ಹೇಳುದ್ರಿ" ಎಂದ ತಿಮ್ಮಯ್ಯ.

"ಇದು ನ್ಯಾಯ" ಎಂದ ಚೆಲುವಯ್ಯ. ಅವನ ಮುಖ ಬೆಳಗಿತ್ತು. ಇನ್ನೂ ಎರಡು ಆಟ ಸಿಕ್ಕಿತ್ತು.

ಮಾಯಮ್ಮ ಜಗಲಿಯಿಂದ ಇಳಿದು ಕಟ್ಟೆಯ ಮುಂದೆ ಬಂದು ನಿಂತಳು. ಅವಳು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

"ಯಜಮಾನ್ರೇ, ಹೊಸ ಎಲೆ ಬರಾಕೆ ಎಷ್ಟು ದಿನ ಆಯ್ತದೆ?"

"ಅಮಾಸೆ ಕಳೀಬೇಕು. ಒಳ್ಳೇ ದಿನ ನೋಡ್ಬೇಕು."

"ನನ್ನ ಹುಳ ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಬೇಕು. ನೆನ್ನೆ ಸಂಜೆಯಿಂದ ಏನೂ ತಿಂದಿಲ್ಲ. ಅಲ್ಲಿಗಂಟ ಅವು ಏನ್ ತಿನ್ಬೇಕು?"

ಬಸವಯ್ಯನವರು ಅವಳನ್ನು ನೋಡದೆ ಚೆಲುವಯ್ಯನನ್ನು ನೋಡಿದರು. "ಹೆಣ್ಮಕ್ಳಿಗೆ ಒಸಿ ಬುದ್ದಿ ಹೇಳಪ್ಪ. ಇಲ್ಲಿ ನ್ಯಾಯದ್ ಮಾತು ನಡೀತಾ ಐತೆ, ಹುಳ ಪಳ ಅಂತ ಬಂದ್ಬುಟ್ರೆ?"

"ಹೋಗವ್ವ ಮಾಯಿ, ಹಟ್ಟಿಗೋಗು" ಎಂದ ಚೆಲುವಯ್ಯ. "ಒಂದು ಬೆಳೆ ಹೋದ್ರೆ ಇನ್ನೊಂದು ಬತ್ತದೆ. ಮರ್ಯಾದೆ ಹೋದ್ರೆ ಬತ್ತದಾ?"

ಮಾಯಮ್ಮ ಅಣ್ಣನ ರುಮಾಲಿನ ಜರಿಯಂಚನ್ನು ಸ್ವಲ್ಪ ಹೊತ್ತು ನೋಡಿದಳು. ಬೆವರಿಗೆ ಅದು ಬಣ್ಣ ಬಿಟ್ಟು ಹಣೆಯ ಮೇಲೆ ಕೆಂಪು ಗೆರೆ ಎಳೆದಿತ್ತು. ಅಲ್ಲಿಂದ ಹೊರಟಳು. ಮನೆಗೆ ಹೋಗಿ, ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದು, ಹಗ್ಗ ಹೆಗಲಿಗೆ ಹಾಕಿ, ಕಾಲುವೆಯ ಕಡೆಗೆ ತಿರುಗಿದಳು. ಕಟ್ಟೆಯ ಮುಂದಿನ ದಾರಿಯಲ್ಲೇ ಹೋದಳು. ಬೇರೆ ದಾರಿಯೂ ಇತ್ತು.

"ಹೋಯ್ತಾವ್ಳೆ!" ಎಂದ ಒಬ್ಬ.

ಚೆಲುವಯ್ಯ ಅರ್ಧ ಎದ್ದ. "ಮಾಯೀ! ಕಾಲಿಟ್ಟೀಯ! ನನ್ನ ಆಟ ಕೆಡುಸ್ಬ್ಯಾಡ ಕಣೇ!"

ತಿಮ್ಮಯ್ಯನಿಗೆ ನಗು ಅದುಮಿಕೊಳ್ಳಲಾಗಲಿಲ್ಲ. ಆದರೂ ಅವನು ತಾನು ಎದ್ದು ಹೋಗಲಿಲ್ಲ. ಹೆಂಗಸಿನ ಹಿಂದೆ ಓಡುವುದು ಆಟ ಬಲ್ಲವನ ಲಕ್ಷಣವಲ್ಲ. ಗುಂಪಿನ ಹಿಂದೆ ಅವನಿಗೆ ಮಧ್ಯಾಹ್ನದ ಬುತ್ತಿ ತಂದು ನಿಂತಿದ್ದ ಹೆಂಡತಿಯನ್ನು ಕರೆದ.

"ಲಕ್ಷ್ಮೀ, ಓಡು ಹಿಂದೆ. ಅವ್ಳು ಕಾಲಿಡೋದ ಕಣ್ಣಾರೆ ನೋಡ್ಕೊಂಡು ಬಾ. ಸಾಕ್ಷಿ ಬೇಕು. ಇನ್ಯಾರೋ ಹೇಳುದ್ರೆ ನಂಬಾಕಿಲ್ಲ."

ದೊಡ್ಡಲಕ್ಷ್ಮಮ್ಮ ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಹೊರಟಳು. ಓಡಲಿಲ್ಲ.

ಕಾಲುವೆಗೆ ಹಿಂದಿನ ದಿನ ನೀರು ಬಿಟ್ಟಿದ್ದರಿಂದ ತೋಟದ ಮಣ್ಣು ಮೆತ್ತಗಿತ್ತು. ಅವಳು ಬದುವಿಗೆ ಬರುವಷ್ಟರಲ್ಲಿ ಮಾಯಮ್ಮ ಎರಡು ಸಾಲು ಮುಗಿಸಿದ್ದಳು. ಕಡ್ಡಿಯನ್ನು ಎಡಗೈಯಲ್ಲಿ ಬಗ್ಗಿಸುವುದು, ಕುಡುಗೋಲು ಹಾಕುವುದು, ಹಿಂದಕ್ಕೆ ಎಸೆಯುವುದು. ಬಿಡಿಸುವಷ್ಟು ಪುರುಸೊತ್ತಿಲ್ಲದೆ ಕಡ್ಡಿ ಸಮೇತ ಕೊಯ್ಯುತ್ತಿದ್ದಳು.

"ಮಾಯಿ."

"ಹೂಂ."

"ಕಾಲಿಟ್ಯಲ್ಲೇ. ಸೋತೋದೆ."

"ಸೋತ್ಲು ಅಂತ ಹೇಳೋಗಕ್ಕ. ಹೇಳಾಕೆ ತಾನೆ ಕಳ್ಸಿರೋದು?"

"ಹೂಂ. ಕಣ್ಣಾರೆ ನೋಡ್ಕೊಂಡು ಬಾ ಅಂದವ್ರೆ."

"ನೋಡ್ದ್ಯಲ್ಲ. ಹೋಗು."

ದೊಡ್ಡಲಕ್ಷ್ಮಮ್ಮ ಹೋಗಲಿಲ್ಲ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಮಾಯಮ್ಮ ಮೂರನೆಯ ಸಾಲು ಮುಗಿಸಿ ನಾಲ್ಕಕ್ಕೆ ಹೋದಳು. ಕಟ್ಟೆಯ ಕಡೆಯಿಂದ ಗಂಡಸರ ಗಲಾಟೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಆನೆರಾಜ, ಆನೆರಾಜ ಎಂಬುದೊಂದೇ ಬಿಡಿಸಿ ಕೇಳುತ್ತಿತ್ತು.

"ಕೋಪ ಬರಲ್ವಾ ನಿಂಗೆ?" ಎಂದಳು ದೊಡ್ಡಲಕ್ಷ್ಮಮ್ಮ ಕೊನೆಗೆ.

"ಯಾರ್ ಮ್ಯಾಲೆ?" ಮಾಯಮ್ಮ ನಡು ನೇರ ಮಾಡಿಕೊಂಡು ಊರಿನ ಕಡೆ ನೋಡಿದಳು. "ಅವ್ರ ಮ್ಯಾಲಾ? ಅಷ್ಟು ದೊಡ್ಡೋರೇನಕ್ಕ ಅವ್ರು?"

ಅವಳು ಹಗ್ಗ ಹಾಸಿ, ಸೊಪ್ಪು ಒಟ್ಟಿ, ಮಂಡಿಯೂರಿ ಬಿಗಿದಳು. ಹೊರೆ ದೊಡ್ಡದಾಗಿತ್ತು. ಮತ್ತೆ ಬರಲು ಆಗುವುದಿಲ್ಲವೆಂದು ತಿಳಿದು ಕಟ್ಟಿದ ಹೊರೆ. ಒಂದು ಸಲ ಎತ್ತಲು ನೋಡಿದಳು. ಮಂಡಿಯವರೆಗೆ ಬಂದು ಜಾರಿತು. ಎರಡನೆಯ ಸಲ ಸೊಂಟದವರೆಗೆ ಬಂತು, ಅವಳನ್ನೂ ಎಳೆದುಕೊಂಡು ಬಿದ್ದಿತು. ಅವಳು ಮಣ್ಣಾದ ಮೊಣಕೈ ಒರೆಸಿಕೊಂಡು ಹೊರೆಯನ್ನೇ ನೋಡುತ್ತಾ ನಿಂತಳು. ಬದುವಿನ ಕಡೆ ನೋಡಲಿಲ್ಲ, ಕರೆಯಲೂ ಇಲ್ಲ.

ದೊಡ್ಡಲಕ್ಷ್ಮಮ್ಮ ಬದುವಿನಿಂದ ಇಳಿದಳು. ಮೆತ್ತನೆಯ ಮಣ್ಣಿನಲ್ಲಿ ಅವಳ ಪಾದ ಹಿಮ್ಮಡಿ ಮುಳುಗುವಷ್ಟು ಒಳಗೆ ಹೋಯಿತು.

"ಸಿಂಬೆ ಸರಿ ಮಾಡ್ಕೊ" ಎಂದಳು.

ಕಟ್ಟೆಯ ಮೇಲೆ ಬಸವಯ್ಯನವರು ಬುತ್ತಿಯ ಮುದ್ದೆಯಲ್ಲಿ ಪಾಲು ತೆಗೆದುಕೊಂಡು ಕೈ ತೊಳೆದು ಕೂತಿದ್ದರು. ಮಾಯಮ್ಮನ ತಲೆಯ ಹೊರೆ ದೂರದಿಂದಲೇ ಕಂಡಿತು. ಅದು ಕಟ್ಟೆಯ ಮುಂದೆ ನಿಲ್ಲದೆ ಹಾದು, ಮನೆಯ ಕಡೆ ತಿರುಗಿತು. ಚೆಲುವಯ್ಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ದೊಡ್ಡಲಕ್ಷ್ಮಮ್ಮ ಹಿಂದಿನಿಂದ ಬಂದಳು.

"ಹೇಳಮ್ಮ" ಎಂದರು ಬಸವಯ್ಯನವರು. "ಅವ್ಳು ತ್ವಾಟಕ್ಕೆ ಕಾಲಿಟ್ಲಾ?"

"ಇಟ್ಲು."

"ಎಲ್ರೂ ಕೇಳ್ಕೊಂಡ್ರಾ?" ಎಂದ ತಿಮ್ಮಯ್ಯ.

"ಕಣ್ಣಾರೆ ಕಂಡ್ಯಾ?" ಎಂದರು ಬಸವಯ್ಯನವರು.

"ಕಂಡೆ. ಪಕ್ಕದಲ್ಲೇ ಇದ್ನಲ್ಲ."

"ಪಕ್ಕದಲ್ಲಿ ಅಂದ್ರೆ? ಬದಿನ್ ಮ್ಯಾಲೆ ತಾನೆ?"

"ಮೊದ್ಲು ಬದಿನ್ ಮ್ಯಾಲಿದ್ದೆ. ಆಮೇಲೆ ಒಳೀಕೋದೆ. ಹೊರೆ ಎತ್ಬೇಕಿತ್ತಲ್ಲ."

ತಿಮ್ಮಯ್ಯ ಕಟ್ಟೆಯ ಅಂಚಿಗೆ ಸರಿದ.

"ಒಳಿಕ್ಕೆ... ತ್ವಾಟದ ಒಳಿಕ್ಕಾ?"

"ಇನ್ನೆಲ್ಲಿ? ಹೊರೆ ಅಲ್ಲೇ ಇತ್ತು." ಅವಳು ಸೀರೆಯನ್ನು ಒಂದಿಷ್ಟು ಎತ್ತಿ ಕೆಸರಾದ ಪಾದವನ್ನು ಕಟ್ಟೆಯ ಕಲ್ಲಿಗೆ ಒರೆಸಿದಳು. "ಬುತ್ತಿ ಪಾತ್ರೆ ಕೊಡಿ. ತೊಳೀಬೇಕು."

ಆಮೇಲೆ ಗಂಡಸರೆಲ್ಲ ಒಟ್ಟಾಗಿ ಕಾಲುವೆಗೆ ಹೋದರು. ಬದುವಿನ ಮೇಲೆ ಸಾಲಾಗಿ ಬಗ್ಗಿ ನಿಂತು ಹೆಜ್ಜೆ ಗುರುತು ನೋಡಿದರು. ಬಸವಯ್ಯನವರು ಒಂದು ಕಡ್ಡಿ ಮುರಿದುಕೊಂಡು, ಬದುವಿನಿಂದಲೇ ಕೈಚಾಚಿ, ಅಗಲದ ಪಾದ ಯಾರದು, ಉದ್ದದ್ದು ಯಾರದು ಎಂದು ಅಳೆಯಲು ನೋಡಿದರು. ಕೈ ನಿಲುಕಲಿಲ್ಲ. ಇಳಿದು ಅಳೆಯಿರಿ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಎರಡು ಕಡೆಯವರೂ ಕಾಲಿಟ್ಟರೆ ಎರಡು ಕಡೆಯವರೂ ಸೋತ ಹಾಗೆ. ಇಬ್ಬರೂ ಸೋತರೆ ಗೆದ್ದವರು ಯಾರು? ಮೂರು ತಲೆಮಾರಿನಲ್ಲಿ ಹೀಗಾಗಿರಲಿಲ್ಲ. ಇದನ್ನು ವಿಚಾರ ಮಾಡಲು ಮರುದಿನ ಸೇರುವುದೆಂದು ಮಾತಾಯಿತು. ಮರುದಿನ ಸೇರಿದರು. ಅದರ ಮರುದಿನವೂ ಸೇರಿದರು. ತೋಟ ಸೋತವರಿಬ್ಬರಿಗೂ, ಸೋತಾದ ಮೇಲೆ ಮತ್ತೆ ಕಾಲಿಡಬೇಡಿ ಎನ್ನಲು ಕಟ್ಟಳೆಯಿರಲಿಲ್ಲ. ಮಾಯಮ್ಮ ದಿನವೂ ಬೆಳಗ್ಗೆ ಕುಡುಗೋಲು ಹಿಡಿದು ಕಟ್ಟೆಯ ಮುಂದೆಯೇ ಹೋಗುತ್ತಿದ್ದಳು. ಅವಳು ಹೋಗುವಾಗ ಕಟ್ಟೆಯವರು ಮಾತು ನಿಲ್ಲಿಸುತ್ತಿದ್ದರು, ದಾಟಿದ ಮೇಲೆ ಮುಂದುವರಿಸುತ್ತಿದ್ದರು.

ಒಂದು ತಟ್ಟೆಯ ಹುಳು ಉಳಿಯಲಿಲ್ಲ. ಅದನ್ನು ಅವಳು ತಿಪ್ಪೆಗೆ ಸುರಿದಳು. ಮಿಕ್ಕವು ತಡವಾಗಿಯಾದರೂ ಹಣ್ಣಾಗಿ, ಬಿದಿರುತಟ್ಟಿಯ ಚಂದ್ರಿಕೆಗೇರಿ ಗೂಡು ಕಟ್ಟಿದವು.

ಗೂಡಿನ ಮೂಟೆಯೊಂದಿಗೆ ಅವಳು ಚನ್ನಪಟ್ಟಣಕ್ಕೆ ಹೋದಾಗ ಶುಕೂರ್ ಒಲೆಯ ಮುಂದೆ ಕೂತಿದ್ದ. ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ, "ಈ ಸಲ ಒಸಿ ಸಣ್ಣವು. ಏನಾಯ್ತಮ್ಮಾ, ಸೊಪ್ಪು ಕಮ್ಮಿಯಾಯ್ತಾ?" ಎಂದ.

"ಕಮ್ಮಿಯಾಯ್ತು."

"ನಿಮ್ಮಣ್ಣ ಬಂದಿದ್ರು ಮೊನ್ನೆ" ಎಂದಳು ಹಫೀಜಾ ಪಡಸಾಲೆಯಿಂದ. "ಎಲೆಯೆಲ್ಲ ಗಂಟು ಮಾಡ್ಕೊಂಡು ತಂದು ನನ್ನ ಮುಂದೆ ಬಿಸಾಕಿದ್ರು. ಮೋಸದ ಮಾಲು ಅಂದ್ರು. ಬೆಂಕಿ ತೋರ್ಸಿದ್ರಾ ಅಂದೆ. ದೇವ್ರಿಗೆ ತೋರ್ಸಿದ್ವಿ ಅಂದ್ರು. ಹೊಸಾದು ಮಾಡ್ಕೊಡು ಅಂದ್ರು." ಅವಳು ತಾಳೆಗರಿಯನ್ನು ಬಿಲ್ಲೆಗೆ ಒತ್ತಿದಳು. "ಮರ ಇಲ್ಲ ಅಂದ್ಬಿಟ್ಟೆ."

ಅವಳ ಹಿಂದೆ ಗೋಡೆಗೆ ಪೇರಿಸಿದ್ದ ಆಲೆಮರ ಮಾಯಮ್ಮನ ಎದೆಯೆತ್ತರ ಇತ್ತು.

"ಹಳೇದು ಏನ್ ಮಾಡ್ದೆ?"

"ಹಾಳ್ಮಾಡಕ್ಕಾಗ್ತದಾ? ಒಳ್ಳೇ ಮರ. ಬಿಡಿಸಿ, ಮಧ್ಯಕ್ಕೆ ತೂತು ಹೊಡ್ದೆ." ಹಫೀಜಾ ಗಲ್ಲದಿಂದ ಬಾಗಿಲ ಹೊರಗೆ ತೋರಿಸಿದಳು.

ಅಂಗಳದಲ್ಲಿ ಅವಳ ಮೊಮ್ಮಗಳು ಮುನ್ನೀ ಒಂದು ಮರದ ಗಾಡಿಯನ್ನು ದಾರ ಕಟ್ಟಿ ಎಳೆದಾಡುತ್ತಿದ್ದಳು. ಗಾಡಿಯ ಮುಂದಿನ ಒಂದು ಗಾಲಿ ಕತ್ತಿಯ ಮಂತ್ರಿ, ಇನ್ನೊಂದು ಕೊಡೆಯ ಎರಡು. ಹಿಂದಿನ ಗಾಲಿಯಲ್ಲಿ ಅರ್ಧ ಮುಖದ ಆನೆರಾಜ ಅಂಬಾರಿಯ ಸಮೇತ ಮೇಲೆ ಬರುತ್ತಿದ್ದ, ಕೆಳಗೆ ಹೋಗುತ್ತಿದ್ದ. ಬಚ್ಚಲ ನೀರು ಹರಿದ ಕಡೆ ಗಾಡಿ ಸಿಕ್ಕಿಕೊಂಡಿತು. ಮಗು ಹಿಂದಿರುಗಿ ಒಂದು ಸಲ ನೋಡಿ, ದಾರವನ್ನು ಜಗ್ಗಿ ಎಳೆದುಕೊಂಡು ಹೋಯಿತು.